ಸಿಪಿಯು ಶೇ. 25, ಆದರೂ ನೆಟ್ ನಿಧಾನ

ನಾಲ್ಕು ಕೋರಿನ ಮಿನಿ ಪಿಸಿಗೆ ಲಿನಕ್ಸ್ ಹಾಕಿ ಶಿರಸಿಯ ಹೋಮ್‌ಸ್ಟೇ ಒಂದಕ್ಕೆ ರೌಟರ್ ಮಾಡಿದ್ದೀರಿ ಎನ್ನಿ. ಫೈಬರ್ ಗಿಗಾಬಿಟ್‌ನದು, ವೇಗ ಮಾತ್ರ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಸಿಪಿಯು ಬಳಕೆ ನೋಡಿದರೆ ಶೇ. 25. ಯಂತ್ರ ಆರಾಮಾಗಿದೆ, ತಪ್ಪು ಲೈನಿನದೇ ಎಂದು ಫೈಬರ್ ಕೊಟ್ಟವರ ಮೇಲೆ ಹರಿಹಾಯುವ ಮುನ್ನ ಟಾಪ್ (ಸಿಪಿಯು ಬಳಕೆ ತೋರಿಸುವ ಆಜ್ಞೆ) ತೆರೆದು 1 ಒತ್ತಿ, ಕೋರ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ. ಒಂದು ಕೋರ್‌ನ ‘ಎಸ್‌ಐ’ (ಪ್ಯಾಕೆಟ್ ನಿಭಾಯಿಸುವಂಥ ಕೆಲಸಕ್ಕೆ ಹೋದ ಪಾಲು) ಅಂಕಿ 100ರ ಹತ್ತಿರ, ಉಳಿದ ಮೂರು ಖಾಲಿ ಇದ್ದರೂ ಸರಾಸರಿ 25 ಎಂದೇ ಬರುತ್ತದೆ.

ಗಿಗಾಬಿಟ್ ಪೋರ್ಟಿಗೆ ದೊಡ್ಡ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ಸುಮಾರು 81,000, ಅತಿ ಚಿಕ್ಕವಾದರೆ 14.88 ಲಕ್ಷ ಬರಬಹುದು. ಒಂದೊಂದಕ್ಕೂ ಇಂಟರಪ್ಟ್ (‘ಬಂದು ನೋಡು’ ಎಂದು ಸಿಪಿಯುವನ್ನು ಕರೆಯುವ ಸಂಕೇತ) ಕೊಟ್ಟರೆ ಸಿಪಿಯುಗೆ ಬೇರೆ ಕೆಲಸಕ್ಕೆ ಪುರುಸೊತ್ತೇ ಇರದು. ಉದುರಿದ ಅಡಿಕೆ ಒಂದೊಂದಕ್ಕೂ ಯಾರೂ ತೋಟಕ್ಕೆ ಇಳಿಯುವುದಿಲ್ಲ, ಬುಟ್ಟಿಯಷ್ಟಾದ ಮೇಲೆ ಹೆಕ್ಕುತ್ತಾರೆ. ಲಿನಕ್ಸ್‌ನಲ್ಲಿ ಪ್ಯಾಕೆಟ್ ಪಡೆಯುವ ವ್ಯವಸ್ಥೆಯಾದ ನಾಪಿ ಮಾಡುವುದೂ ಅದನ್ನೇ: ಮೊದಲ ಇಂಟರಪ್ಟ್ ಬಂದೊಡನೆ ಮುಂದಿನವನ್ನು ತಡೆದು, ಸರದಿಗೆ 64ರಂತೆ ಪ್ಯಾಕೆಟ್ ಎತ್ತಿ, ಸಾಲು ಖಾಲಿಯಾದಾಗ ಮತ್ತೆ ಇಂಟರಪ್ಟ್ ತೆರೆಯುತ್ತದೆ.

ಎಷ್ಟು ಕಾದು ಇಂಟರಪ್ಟ್ ಕೊಡಬೇಕೆಂಬುದನ್ನು ನೆಟ್‌ವರ್ಕ್ ಕಾರ್ಡ್ ಹೊಂದಿಸುವ ಇಥ್‌ಟೂಲ್ ಆಜ್ಞೆಯ ‘ಆರ್‌ಎಕ್ಸ್-ಯುಸೆಕ್ಸ್’ ಮೈಕ್ರೋಸೆಕೆಂಡಿನಲ್ಲಿ ಹೇಳುತ್ತದೆ. ಇಂಟೆಲ್ ಗಿಗಾಬಿಟ್ ಕಾರ್ಡುಗಳ ಐಜಿಬಿ ಡ್ರೈವರ್‌ನಲ್ಲಿ ಅಲ್ಲಿ 3 ಕಂಡರೆ 3 ಮೈಕ್ರೋಸೆಕೆಂಡ್ ಅಂದುಕೊಳ್ಳಬೇಡಿ; ಡ್ರೈವರ್ ತಾನೇ ಹೊಂದಿಸಿಕೊಳ್ಳುತ್ತಿದೆ ಎಂಬುದಕ್ಕೆ ಅದು ಗುರುತು. 2 ಅಥವಾ 4ರಿಂದ 9ರವರೆಗಿನ ಅಂಕಿ ಕೊಟ್ಟರೆ ಅದು ಒಪ್ಪುವುದೇ ಇಲ್ಲ. 50 ಕೊಟ್ಟರೆ ಒಂದು ಸಾಲಿಗೆ ಸೆಕೆಂಡಿಗೆ ಗರಿಷ್ಠ 20,000 ಇಂಟರಪ್ಟ್. ಅಷ್ಟರಲ್ಲಿ ಚಿಕ್ಕ ಪ್ಯಾಕೆಟ್ ಹೆಚ್ಚೆಂದರೆ 74 ಸೇರುತ್ತವೆ, ಬಂದ ಪ್ಯಾಕೆಟ್ ಕಾದಿರುವ 256 ಸ್ಥಾನದ ರಿಂಗ್ ಬಫರ್‌ಗೆ ಅದು ಭಾರವಲ್ಲ. 200ಕ್ಕೆ ಏರಿಸಿದರೆ 297 ಆಗಿ ರಿಂಗ್ ಉಕ್ಕುತ್ತದೆ. ಆಗ ರಿಂಗನ್ನು 1024 ಮಾಡಬಹುದು. ನೇರ 4096ಕ್ಕೆ ಎಳೆಯುವ ಚಟ ಬೇಡ, ಸಣ್ಣ ಸಿಪಿಯುನ ಕ್ಯಾಶ್‌ಗೆ (ಒಳಗಿನ ಚುರುಕು ಮೆಮೊರಿಗೆ) ಅದೇ ಹೊರೆ.

ಇಷ್ಟಾದರೂ ಆ ಒಂದು ಕೋರ್ ಇಳಿಯದಿದ್ದರೆ ಕಾರಣ ಬಹುಪಾಲು ಪಿಪಿಪಿಒಇ, ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಸಂಪರ್ಕ. ಇಂಟೆಲ್ ಐ210ರಂಥ ಕಾರ್ಡಿಗೆ ಪ್ಯಾಕೆಟ್ ಪಡೆಯುವ ನಾಲ್ಕು ಸಾಲುಗಳಿವೆ, ಒಂದೊಂದನ್ನು ಒಂದೊಂದು ಕೋರ್ ನೋಡಿಕೊಳ್ಳಬಹುದು. ಐಪಿ ವಿಳಾಸ ನೋಡಿ ಪ್ಯಾಕೆಟ್ ಹಂಚುತ್ತದೆ. ಪಿಪಿಪಿಒಇ ಹೊದಿಕೆಯೊಳಗಿನ ವಿಳಾಸ ಮಾತ್ರ ಅದಕ್ಕೆ ಕಾಣದು, ಹಾಗಾಗಿ ಹೊರಗಿನಿಂದ ಬಂದದ್ದೆಲ್ಲ ಒಂದೇ ಸಾಲಿಗೆ ಬೀಳುತ್ತದೆ. ‘ಪ್ರೊಕ್ ಇಂಟರಪ್ಟ್ಸ್’ ಕಡತದಲ್ಲಿ ಒಂದೇ ಸಾಲಿನ ಎಣಿಕೆ ಓಡುವುದು ಕಾಣಿಸುತ್ತದೆ.

ಇಲ್ಲಿ ಆರ್‌ಪಿಎಸ್ ಬೇಕು, ಅಂದರೆ ಕಾರ್ಡಿನ ಬದಲು ಲಿನಕ್ಸ್‌ನ ತಿರುಳಾದ ಕರ್ನಲ್ ಮಾಡುವ ಹಂಚಿಕೆ. ಕರ್ನಲ್‌ಗೆ ಆ ಹೊದಿಕೆ ಬಿಡಿಸಿ ನೋಡಲು ಬರುತ್ತದೆ, ಅದು ಪ್ಯಾಕೆಟ್‌ಗಳನ್ನು ಉಳಿದ ಕೋರ್‌ಗಳಿಗೆ ಹಂಚುತ್ತದೆ. ಯಾವ ಕೋರ್ ಎಂದು ಅಂಕಿಯಲ್ಲಿ ಹೇಳಬೇಕು: ಕೋರ್ 0ಕ್ಕೆ 1, ಕೋರ್ 1ಕ್ಕೆ 2, ಕೋರ್ 2ಕ್ಕೆ 4, ಕೋರ್ 3ಕ್ಕೆ 8. ಇಂಟರಪ್ಟನ್ನು ಕೋರ್ 3ಕ್ಕೆ ಕಟ್ಟಿ (ಅಫಿನಿಟಿ 8), ಆ ಸಾಲಿನ ‘ಆರ್‌ಪಿಎಸ್ ಸಿಪಿಯುಸ್’ ಕಡತಕ್ಕೆ 7 (ಉಳಿದ ಮೂರು ಕೋರ್‌ಗಳ 1+2+4) ಬರೆಯಿರಿ. ಅದಕ್ಕೂ ಮೊದಲು ಇಂಟರಪ್ಟ್‌ಗಳನ್ನು ಕೋರ್‌ಗಳಿಗೆ ತಾನೇ ಹಂಚುವ ಐಆರ್‌ಕ್ಯೂ ಬ್ಯಾಲೆನ್ಸ್ ಸೇವೆ ನಿಲ್ಲಿಸಿ, ಇಲ್ಲದಿದ್ದರೆ ಕಟ್ಟಿದ್ದನ್ನು ಅದು ಬಿಚ್ಚಿಬಿಡುತ್ತದೆ. ಹಂಚುವುದಕ್ಕೂ ಖರ್ಚಿದೆ, 100 ಮೆಗಾಬಿಟ್ ಲೈನಿಗೆ ಈ ಉಸಾಬರಿಯೇ ಬೇಡ.

ಫಲ ಕಂಡಿತೋ ಇಲ್ಲವೋ ಪ್ರೊಕ್‌ನ ‘ಸಾಫ್ಟ್‌ನೆಟ್ ಸ್ಟ್ಯಾಟ್’ ಕಡತ ಹೇಳುತ್ತದೆ. ಕೋರಿಗೊಂದು ಗೆರೆ, ಅಂಕಿಗಳು ಹದಿನಾರರ ಮಾನದಲ್ಲಿ. ಎರಡನೆಯದು ಏರಿದರೆ ಪ್ಯಾಕೆಟ್ ಕೈಬಿಟ್ಟಿವೆ. ಮೂರನೆಯದು ಏರಿದರೆ ಕೆಲಸ ಮುಗಿಯುವ ಮೊದಲೇ ಸುತ್ತು ಮುಗಿದಿದೆ, 64ರ ಸರದಿಗಳೆಲ್ಲ ಸೇರಿ ಒಂದು ಸುತ್ತಿಗೆ ಇರುವ 300 ಪ್ಯಾಕೆಟ್‌ನ ಬಜೆಟ್ಟನ್ನು 600 ಮಾಡಿ ನೋಡಬಹುದು. ಕಾರವಾರದ ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಇಲ್ಲದ ಪೆಟ್ಟಿಗೆಯಾದರೆ ಅಳತೆ ಮಧ್ಯಾಹ್ನವೇ ಮಾಡಿ. ಕಾವೇರಿದ ಸಿಪಿಯು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಈ ಯಾವ ಹೊಂದಿಕೆಯೂ ಉಳಿಯುವುದಿಲ್ಲ, ಎಲ್ಲವನ್ನೂ ಯಂತ್ರ ಶುರುವಾದಾಗ ತಾನೇ ಓಡುವ ಒಂದು ಸಿಸ್ಟಮ್‌ಡಿ ಸೇವೆಗೆ ಬರೆದಿಡಿ. ಆರ್‌ಪಿಎಸ್ ಅನ್ನು ಪಿಪಿಪಿಒಇ ಸೇರಿದಾಗ ಹುಟ್ಟುವ ಪಿಪಿಪಿ ಇಂಟರ್‌ಫೇಸಿಗೆ ಹಾಕಿದರೆ ಸಂಪರ್ಕ ಕಡಿದು ಸೇರಿದಾಗಲೂ ಅಳಿಸಿಹೋಗುತ್ತದೆ. ಭೌತಿಕ ಪೋರ್ಟಿಗೇ ಹಾಕಿ.