ಬೇಸಿಗೆ ರಜೆಯ ಓದಿಗೆ ‘ಫ್ಯಾರನ್‌ಹೀಟ್ 451’: ಮಗಳು ಏನನ್ನು ಗಮನಿಸಬೇಕು?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳು ಈ ವರ್ಷ ಒಂಬತ್ತನೆಯ ತರಗತಿಗೆ ಹೋಗುತ್ತಾಳೆ. ಬೇಸಿಗೆ ರಜೆಯಲ್ಲಿ ಓದಲು ಶಾಲೆಯವರು ರೇ ಬ್ರಾಡ್ಬರಿಯವರ ‘ಫ್ಯಾರನ್‌ಹೀಟ್ 451’ ಕಾದಂಬರಿ ಕೊಟ್ಟಿದ್ದಾರೆ. ಶಾಲೆ ತೆರೆದ ಕೂಡಲೇ ಪ್ರಬಂಧ ಬರೆಯಬೇಕು. ಅವಳು ಸ್ವಲ್ಪ ಓದಿ, ‘ಪುಸ್ತಕ ಸುಡುವುದು ತಪ್ಪು ಅನ್ನುವುದಕ್ಕೆ ಇಷ್ಟು ಪುಟ ಬೇಕೇ? ಸಾರಾಂಶ ಓದಿದರೆ ಸಾಕು’ ಎನ್ನುತ್ತಾಳೆ. ನಾನು ಹೇಗೆ ನೆರವಾಗಲಿ?

ಉತ್ತರ: ಪುಸ್ತಕ ಸುಡುವುದು ತಪ್ಪು ಎಂಬುದು ಈ ಕಾದಂಬರಿಯ ಮೊದಲ ಪುಟಕ್ಕೇ ತಿಳಿದುಬಿಡುತ್ತದೆ. ಹಾಗಾಗಿ ನಿಮ್ಮ ಮಗಳ ಬೇಸರ ಸಹಜ. ಅವಳ ಕೈಗೆ ಬೇರೆ ಪ್ರಶ್ನೆಯೊಂದನ್ನು ಕೊಡಿ: ಈ ಊರಿನಲ್ಲಿ ಓದುವುದನ್ನು ಮೊದಲು ನಿಲ್ಲಿಸಿದವರು ಯಾರು, ಸರ್ಕಾರವೋ ಜನರೋ? ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಕಾದಂಬರಿ ಬೇರೆಯೇ ಆಗಿ ಕಾಣುತ್ತದೆ.

ಕಥೆಯ ನಾಯಕ ಗೈ ಮೊಂಟಾಗ್ ಅಗ್ನಿಶಾಮಕ ದಳದವನು. ಆದರೆ ಅಲ್ಲಿ ಆ ದಳದ ಕೆಲಸ ಬೆಂಕಿ ಆರಿಸುವುದಲ್ಲ, ಪುಸ್ತಕ ಅಡಗಿಸಿಟ್ಟವರ ಮನೆಗೆ ಬೆಂಕಿ ಇಡುವುದು. ಪಕ್ಕದ ಮನೆಗೆ ಬಂದ ಕ್ಲಾರಿಸ್ ಎಂಬ ಹುಡುಗಿ ಒಂದು ರಾತ್ರಿ, ನೀನು ಸುಖವಾಗಿದ್ದೀಯಾ ಎಂದು ಕೇಳುತ್ತಾಳೆ. ಅಲ್ಲಿಂದ ಅವನ ನೆಮ್ಮದಿ ಕೆಡುತ್ತದೆ.

ಮೊದಲ ಭಾಗದ ಕೊನೆಯಲ್ಲಿ ಮೊಂಟಾಗ್ ಜ್ವರವೆಂದು ಮಲಗಿರುತ್ತಾನೆ, ಕದ್ದು ತಂದ ಪುಸ್ತಕ ದಿಂಬಿನ ಕೆಳಗಿದೆ. ಅವನ ಮೇಲಧಿಕಾರಿ ಕ್ಯಾಪ್ಟನ್ ಬೀಟಿ ಹಾಸಿಗೆಯ ಪಕ್ಕ ಕುಳಿತು ಉದ್ದಕ್ಕೂ ಮಾತನಾಡುತ್ತಾನೆ. ಅವಸರದಲ್ಲಿರುವ ವಿದ್ಯಾರ್ಥಿಗಳು ಹಾರಿಸಿಬಿಡುವ ಪುಟಗಳಿವು. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಬೇರು ಇಲ್ಲಿದೆ. ಬೀಟಿ ಹೇಳುವ ಚರಿತ್ರೆಯಲ್ಲಿ ನಿಷೇಧ ಸರ್ಕಾರದಿಂದ ಶುರುವಾಗಲಿಲ್ಲ. ಜನರಿಗೆ ಪುರುಸೊತ್ತು ಕಡಿಮೆಯಾಯಿತು. ದೊಡ್ಡ ಕೃತಿಗಳು ಹದಿನೈದು ನಿಮಿಷದ ರೇಡಿಯೋ ಕಾರ್ಯಕ್ರಮಗಳಾದವು, ಆಮೇಲೆ ಎರಡು ನಿಮಿಷದ ಅಂಕಣಗಳಾದವು, ಕಡೆಗೆ ನಿಘಂಟಿನ ಹತ್ತು ಹನ್ನೆರಡು ಸಾಲುಗಳಾದವು. ಒಂದು ಗುಂಪಿಗೆ ಒಂದು ಪುಸ್ತಕ ನೋವು ತಂದಿತು, ಇನ್ನೊಂದಕ್ಕೆ ಇನ್ನೊಂದು. ಯಾರಿಗೂ ನೋಯದಂತೆ ಒರೆಸುತ್ತಾ ಹೋದ ಮೇಲೆ ಉಳಿದದ್ದನ್ನು ಸುಡಲು ಬೆಂಕಿ ಬಂತು. ಸಾರಾಂಶ ಸಾಕು ಎನ್ನುವ ನಿಮ್ಮ ಮಗಳಿಗೆ ಈ ಭಾಗವನ್ನು ಗಟ್ಟಿಯಾಗಿ ಓದಿ ಕೇಳಿಸಿ. ನೀವೇನೂ ಬುದ್ಧಿ ಹೇಳಬೇಕಿಲ್ಲ.

ಇನ್ನೊಂದು ಗಮನಿಸಬೇಕಾದದ್ದು, ಬೀಟಿ ಸ್ವತಃ ಬಹಳ ಓದಿದವನು. ಪುಸ್ತಕದ ಸಾಲುಗಳನ್ನೇ ಎತ್ತಿ ಮೊಂಟಾಗ್‌ನ ಮೇಲೆ ಎಸೆಯುತ್ತಾನೆ. ಓದಿದವನೇ ಸುಡುವವನಾದದ್ದು ಹೇಗೆ ಎಂಬುದರ ಮೇಲೆ ಒಳ್ಳೆಯ ಪ್ರಬಂಧವನ್ನೇ ಬರೆಯಬಹುದು.

ಮೊಂಟಾಗ್‌ನ ಹೆಂಡತಿ ಮಿಲ್ಡ್ರೆಡ್‌ಳನ್ನು ಕೆಟ್ಟವಳೆಂದು ತಳ್ಳಿಹಾಕಬೇಡಿ ಎಂದೂ ಹೇಳಿ. ಅವಳ ಮನೆಯ ಮೂರು ಗೋಡೆಗಳೂ ಟಿವಿ ಪರದೆಗಳು. ನಾಲ್ಕನೆಯದೂ ಬೇಕೆಂದು ಹಟ ಹಿಡಿದಿದ್ದಾಳೆ, ಅದರ ಬೆಲೆ ಗಂಡನ ವರ್ಷದ ಸಂಬಳದ ಮೂರನೆಯ ಒಂದು ಪಾಲು. ಪರದೆಯಲ್ಲಿ ಮಾತನಾಡುವವರೇ ಅವಳ ಬಂಧು ಬಳಗ. ಕಥೆಯ ಆರಂಭದಲ್ಲೇ ಅವಳು ನಿದ್ದೆಮಾತ್ರೆ ನುಂಗಿ ಸಾವಿನ ಅಂಚಿಗೆ ಹೋಗುತ್ತಾಳೆ, ಯಂತ್ರ ತಂದ ಇಬ್ಬರು ಕೆಲಸಗಾರರು ಬಂದು ಬದುಕಿಸಿ ಹೋಗುತ್ತಾರೆ. ಬೆಳಿಗ್ಗೆ ಅವಳಿಗೆ ಅದರ ನೆನಪೇ ಇಲ್ಲ. ಸುಖ ಎಂದುಕೊಂಡದ್ದರ ತಳದಲ್ಲಿ ಇಷ್ಟು ನೋವಿದೆ ಎಂಬುದನ್ನು ಬ್ರಾಡ್ಬರಿ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡನೆಯ ಭಾಗದಲ್ಲಿ ಮೊಂಟಾಗ್ ಅವಳ ಗೆಳತಿಯರ ಮುಂದೆ ಕವಿತೆ ಓದಿದಾಗ ಒಬ್ಬಾಕೆ ಬಿಕ್ಕಿ ಬಿಕ್ಕಿ ಅಳುತ್ತಾಳೆ, ಏಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯದು. ಈ ಎರಡು ದೃಶ್ಯಗಳನ್ನು ಒಟ್ಟಿಗೆ ಇಟ್ಟು ಓದಿದರೆ ಕರುಳು ಹಿಂಡುತ್ತದೆ.

ಹಿನ್ನೆಲೆಯೂ ಸ್ವಲ್ಪ ಗೊತ್ತಿರಲಿ. ಕಾದಂಬರಿ ಪ್ರಕಟವಾದದ್ದು 1953ರಲ್ಲಿ. ನಾಜಿಗಳು 1933ರ ಮೇ 10ರಂದು ಬರ್ಲಿನ್‌ನಲ್ಲಿ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟದ್ದು ಆಗಿನ್ನೂ ಹಳೆಯ ಮಾತಾಗಿರಲಿಲ್ಲ. ಅಮೆರಿಕದಲ್ಲಿ ಸೆನೆಟರ್ ಮೆಕಾರ್ಥಿಯ ಕಾಲ, ಕಮ್ಯುನಿಸ್ಟ್ ಎಂಬ ಗುಮಾನಿಯೇ ಒಬ್ಬರ ಕೆಲಸ ಕಳೆಯಲು ಸಾಕಿತ್ತು. ಟಿವಿ ಮನೆಮನೆಗೆ ಬರುತ್ತಿದ್ದದ್ದೂ ಆಗಲೇ. ಬ್ರಾಡ್ಬರಿ ಇದನ್ನು ಬರೆದದ್ದು ಲಾಸ್ ಏಂಜಲೀಸ್‌ನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ ಹತ್ತು ಸೆಂಟ್ ಬಾಡಿಗೆಯ ಟೈಪ್‌ರೈಟರ್‌ನಲ್ಲಿ. 1967ರಲ್ಲಿ ಪ್ರಕಾಶಕರು ಶಾಲೆಗಳಿಗೆಂದು ತಂದ ಆವೃತ್ತಿಯಲ್ಲಿ ಲೇಖಕರಿಗೆ ತಿಳಿಸದೆ ಹಲವು ಪದಗಳನ್ನು ಕತ್ತರಿಸಿದ್ದರು. ವರ್ಷಗಳ ನಂತರ ವಿಷಯ ತಿಳಿದು ಬ್ರಾಡ್ಬರಿ ಪ್ರತಿಭಟಿಸಿದ ಮೇಲೆ ಪೂರ್ಣ ಪಠ್ಯ ಮರಳಿ ಬಂತು. ಬೀಟಿ ಹೇಳಿದ ಚರಿತ್ರೆ ಈ ಪುಸ್ತಕಕ್ಕೇ ಒದಗಿತು; ಪ್ರಬಂಧದಲ್ಲಿ ಇದನ್ನು ಖಂಡಿತ ಬಳಸಬಹುದು.

ಕೊನೆಯ ಭಾಗದಲ್ಲಿ ಓಡಿಹೋದ ಮೊಂಟಾಗ್‌ಗೆ ಊರಾಚೆ ಒಂದು ಗುಂಪು ಸಿಗುತ್ತದೆ. ಅವರಲ್ಲಿ ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ನೆನಪಿನಲ್ಲಿ ಹೊತ್ತವರು. ಹದಿಹರೆಯದವರಿಗೆ ಇದು ನಂಬಲಾಗದ ಕಲ್ಪನೆ ಅನಿಸುವುದುಂಟು. ಇಲ್ಲಿ ನಿಮ್ಮ ನೆರವು ಬೇಕು. ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ತಲೆಮಾರುಗಳಿಂದ ನೆನಪಿನಿಂದಲೇ ರಾತ್ರಿಯಿಡೀ ಹಾಡುತ್ತಾ ಬಂದಿದ್ದಾರೆ ಎಂದು ಹೇಳಿ, ಒಂದು ಧ್ವನಿಮುದ್ರಣ ಕೇಳಿಸಿ.

ಶಿಕ್ಷಕರು ಸಂಕೇತಗಳ ಬಗ್ಗೆ ಕೇಳಿಯೇ ಕೇಳುತ್ತಾರೆ. ಬೆಂಕಿಯೊಂದನ್ನು ಹಿಡಿದುಕೊಂಡರೆ ಸಾಕು. ಮೊದಲ ಪುಟದಲ್ಲಿ ಸುಡುವ ಸಂಭ್ರಮ, ನಡುವೆ ಮೊಂಟಾಗ್ ತನ್ನ ಮನೆಯನ್ನೇ ಸುಡುವುದು, ಕೊನೆಗೆ ಜನ ಸುತ್ತ ಕುಳಿತು ಚಳಿ ಕಾಯಿಸಿಕೊಳ್ಳುವ ಬೆಂಕಿ. ಈ ಮೂರು ಕಡೆ ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ, ಪ್ರತಿ ಸಲ ಅವನ ಮನಸ್ಸು ಹೇಗಿತ್ತೆಂದು ತನ್ನದೇ ಮಾತಿನಲ್ಲಿ ಒಂದು ಸಾಲು ಬರೆಯಲಿ. ಪ್ರಬಂಧವನ್ನು ಆ ಸಾಲುಗಳಿಂದ ಶುರುಮಾಡಬಹುದು.