ಅಂಗಾಲಿನ ಗಾಯಕ್ಕೆ ಮುಲಾಮಿಗಿಂತ ಮೊದಲು ಬೇಕಾದದ್ದು

ಶುಗರ್ ಇರುವವರು ಅಂಗಾಲಿನ ಗಾಯ ತೋರಿಸಲು ಬರುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರಲ್ಲಿ ಅರ್ಧರ್ಧ ಮುಗಿದ ಮುಲಾಮಿನ ಟ್ಯೂಬುಗಳು, ಪೌಡರ್ ಡಬ್ಬಿ, ಹಳೇ ಚೀಟಿಗಳು. "ಇಷ್ಟೆಲ್ಲ ಹಚ್ಚಿದ್ರೂ ಮಾಯ್ತಿಲ್ಲ ಸರ್, ಇದಕ್ಕಿಂತ ಪವರ್ ಇರೋದು ಯಾವ್ದಾದ್ರೂ ಇದ್ರೆ ಹೇಳ್ರಿ" ಅನ್ನುತ್ತಾರೆ. ಇಲ್ಲಿಗೆ ಹೇಗೆ ಬಂದಿರಿ ಅಂತ ನಾನು ಕೇಳುತ್ತೇನೆ. ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡು, ಅದೇ ಕಾಲಿನ ಮೇಲೆ, ಸವೆದ ಹವಾಯಿ ಚಪ್ಪಲಿಯಲ್ಲಿ. ಗಾಯ ಯಾಕೆ ಮಾಯುತ್ತಿಲ್ಲ ಅನ್ನುವುದಕ್ಕೆ ಉತ್ತರ ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು, ಮಲೇಬೆನ್ನೂರು ಕಡೆಯ ಭತ್ತದ ಗದ್ದೆಯವರು, ಚಳ್ಳಕೆರೆ ಕಡೆಯ ಶೇಂಗಾ ಹೊಲದವರು ಬರುತ್ತಾರೆ. ಎಲ್ಲರದ್ದೂ ಕಾಲ ಮೇಲೆ ನಿಂತೇ ಮಾಡುವ ದುಡಿಮೆ. ಗಾಯ ಬಂತು ಅಂತ ತಿಂಗಳುಗಟ್ಟಲೆ ಕೂರಲು ಅವರಿಗೆ ಆಗುವುದಿಲ್ಲ, ಅದು ನನಗೂ ಗೊತ್ತು. ಅದಕ್ಕೇ ಈ ವಿಷಯ ಬಿಡಿಸಿ ಹೇಳಬೇಕು ಅನ್ನಿಸಿತು.

ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರಗಳು ಹಾಳಾಗುತ್ತವೆ. ಉದ್ದದ ನರಗಳಿಗೆ ಪೆಟ್ಟು ಮೊದಲು, ಹಾಗಾಗಿ ತೊಂದರೆ ಶುರುವಾಗುವುದು ಪಾದದಿಂದ. ಮೊದಲು ಜೋಮು, ಆಮೇಲೆ ರಾತ್ರಿ ಉರಿ, ಆಮೇಲೆ ಏನೂ ಇಲ್ಲ. ಈ "ಏನೂ ಇಲ್ಲ" ಅನ್ನುವ ಹಂತವೇ ಅಪಾಯದ್ದು. ಉರಿ ನಿಂತಿತು, ಈಗ ಆರಾಮಾಗಿದ್ದೇನೆ ಅಂದುಕೊಳ್ಳುತ್ತಾರೆ, ಆದರೆ ಕೆಲವರಲ್ಲಿ ಉರಿ ನಿಂತಿರುವುದು ನರ ಪೂರ್ತಿ ಸತ್ತು ಹೋಗಿದ್ದಕ್ಕೆ. ಬಳ್ಳಾರಿ ಜಾಲಿ ಮುಳ್ಳು ಚಪ್ಪಲಿ ತೂರಿ ಒಳಗೆ ಹೋದರೂ ಅವರಿಗೆ ತಿಳಿಯುವುದಿಲ್ಲ. ನೋವಿದ್ದವರು ಕುಂಟುತ್ತಾರೆ, ಕುಂಟಿದಾಗ ಗಾಯಕ್ಕೆ ವಿಶ್ರಾಂತಿ ತಾನಾಗಿ ಸಿಗುತ್ತದೆ. ನೋವಿಲ್ಲದವರು ಕುಂಟುವುದೇ ಇಲ್ಲ. ಇಡೀ ಮೈಭಾರವನ್ನು ಅದೇ ಗಾಯದ ಮೇಲೆ ಹಾಕಿ ದಿನಕ್ಕೆ ಸಾವಿರಾರು ಹೆಜ್ಜೆ ನಡೆಯುತ್ತಾರೆ. ಹೊಸ ಚರ್ಮ ಬೆಳೆಯಲು ನೋಡುತ್ತದೆ, ಪ್ರತಿ ಹೆಜ್ಜೆಯೂ ಅದನ್ನು ಜಜ್ಜುತ್ತದೆ. ಅಲ್ಲಿ ಯಾವ ಮುಲಾಮು ತಾನೇ ಏನು ಮಾಡೀತು?

ಇದನ್ನು ಜಗತ್ತಿಗೆ ಸರಿಯಾಗಿ ತೋರಿಸಿಕೊಟ್ಟ ಕೆಲಸ ನಮ್ಮ ಪಕ್ಕದಲ್ಲೇ, ವೆಲ್ಲೂರಿನಲ್ಲಿ ನಡೆಯಿತು. ಡಾ. ಪಾಲ್ ಬ್ರಾಂಡ್ ಅಂತ ಶಸ್ತ್ರವೈದ್ಯರು, 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗ ಬಂದರೆ ಕೈಕಾಲಿನ ಬೆರಳು ತಾನಾಗಿ ಕೊಳೆತು ಉದುರುತ್ತವೆ ಅಂತ ಆಗ ಜನ ನಂಬಿದ್ದರು. ಮಾಂಸ ತಾನಾಗಿ ಕೊಳೆಯುತ್ತಿಲ್ಲ, ಸ್ಪರ್ಶ ಇಲ್ಲದ ಕಾರಣ ಮತ್ತೆ ಮತ್ತೆ ಪೆಟ್ಟು ಬಿದ್ದು ಗಾಯ ಆಗುತ್ತಿದೆ ಅಂತ ಬ್ರಾಂಡ್ ಮತ್ತು ಅವರ ಸಂಗಡಿಗರು ಕಂಡುಕೊಂಡರು. ಅಂಥ ಕಾಲಿಗೆ, ಮೂಳೆ ಮುರಿದಾಗ ಹಾಕುವಂಥ ಪ್ಲಾಸ್ಟರ್ ಹಾಕಿದಾಗ, ಎಷ್ಟೋ ಕಾಲದಿಂದ ಮಾಯದ ಅಂಗಾಲಿನ ಗಾಯಗಳೂ ಮಾಯ್ದವು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿಂದ ಈ ಪ್ಲಾಸ್ಟರ್ ಶುಗರ್ ರೋಗಿಗಳ ಪಾದಕ್ಕೂ ಬಂತು. ಒಂದೇ ಸಲಕ್ಕೆ ಏನೂ ಮಾಡದ ಸಾಧಾರಣ ಒತ್ತಡ, ದಿನವೂ ಸಾವಿರಾರು ಸಲ ಬಿದ್ದರೆ ಗಾಯ ಮಾಡುತ್ತದೆ ಅಂತ ಇಲಿಗಳ ಪಾದದ ಮೇಲೆ ಪ್ರಯೋಗ ಮಾಡಿಯೂ ತೋರಿಸಿದರು. ನನ್ನ ವೃತ್ತಿಯಲ್ಲಿ ನಾನು ಓದಿದ್ದರಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದ ವಿಷಯ ಇನ್ನೊಂದಿಲ್ಲ.

ಈ ಪ್ಲಾಸ್ಟರ್ ಇಡೀ ಅಂಗಾಲಿಗೂ ಮೀನಖಂಡಕ್ಕೂ ಅಂಟಿದಂತೆ ಕೂರುತ್ತದೆ. ಕೆಸರಿನಲ್ಲಿ ಹಲಗೆ ಹಾಕಿಕೊಂಡು ನಿಂತರೆ ಕಾಲು ಹೂಳುವುದಿಲ್ಲವಲ್ಲ, ಹಾಗೆ, ಒಂದು ಬಿಂದುವಿನ ಮೇಲಿದ್ದ ಭಾರ ಎಲ್ಲ ಕಡೆ ಹಂಚಿಹೋಗುತ್ತದೆ. ಹೆಜ್ಜೆಯೂ ಚಿಕ್ಕದಾಗುತ್ತದೆ. 2001ರಲ್ಲಿ ಅಮೆರಿಕದ ಪಾದವೈದ್ಯ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಮೂರು ವಿಧಾನ ಹೋಲಿಸಿ ನೋಡಿದರು. 12 ವಾರದಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಸುಮಾರು 90 ಶೇಕಡಾ ಜನರ ಗಾಯ ಮುಚ್ಚಿತ್ತು, ಬಿಚ್ಚಿ ಹಾಕಬಹುದಾದ ಬೂಟಿನವರಲ್ಲಿ 65 ಶೇಕಡಾ, ಮುಂಗಾಲಿಗೆ ಭಾರ ಬೀಳದಂತೆ ಮಾಡಿದ ಅರ್ಧ ಚಪ್ಪಲಿಯವರಲ್ಲಿ 58 ಶೇಕಡಾ.

ಬೂಟು ಕೂಡ ಭಾರ ತೆಗೆಯುತ್ತದೆ, ಹಾಗಿದ್ದರೂ ಇಷ್ಟು ಅಂತರ ಯಾಕೆ? 2003ರಲ್ಲಿ ಅದೇ ತಂಡ ಅದನ್ನೂ ಅಳೆಯಿತು. ಬೂಟು ಕೊಟ್ಟವರು ತಮ್ಮ ಹೆಜ್ಜೆಗಳಲ್ಲಿ ಬರೀ 28 ಶೇಕಡಾ ಹೆಜ್ಜೆಗಳನ್ನು ಮಾತ್ರ ಅದನ್ನು ಹಾಕಿಕೊಂಡು ನಡೆದಿದ್ದರು. ನಮ್ಮಲ್ಲೂ ಹೀಗೇ. ಆಸ್ಪತ್ರೆಗೆ ಬರುವಾಗ ಹಾಕಿಕೊಳ್ಳುತ್ತಾರೆ, ಹೊಸ್ತಿಲಲ್ಲಿ ಬಿಚ್ಚುತ್ತಾರೆ. ದೇವರ ಕೋಣೆ, ಅಡುಗೆ ಮನೆ, ರಾತ್ರಿ ಬಚ್ಚಲಿಗೆ ಹೋಗುವುದು ಎಲ್ಲ ಬರಿಗಾಲಲ್ಲಿ. ಮನೆಯೊಳಗಿನ ಹೆಜ್ಜೆಯೂ ಹೆಜ್ಜೆಯೇ. ಮನೆಯೊಳಗೆ ಹಾಕಲು ಬೇರೆಯದೇ ಒಂದು ಶುದ್ಧವಾದ ಜೋಡು ಇಟ್ಟುಕೊಳ್ಳಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಅಂದಹಾಗೆ ಅದೇ ಬೂಟನ್ನು ಬಿಚ್ಚಲು ಬಾರದಂತೆ ಪಟ್ಟಿ ಸುತ್ತಿಬಿಟ್ಟರೆ ಫಲಿತಾಂಶ ಹೆಚ್ಚುಕಡಿಮೆ ಪ್ಲಾಸ್ಟರಿನಷ್ಟೇ ಬರುತ್ತದೆ ಅಂತ 2005ರಲ್ಲಿ ಗೊತ್ತಾಯಿತು.

ಪ್ಲಾಸ್ಟರ್ ಎಲ್ಲರಿಗೂ ಅಲ್ಲ. ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲದಿದ್ದರೆ (ಬೀಡಿ ಸೇದುವವರಲ್ಲಿ ಇದು ಜಾಸ್ತಿ) ಹಾಕಬಾರದು, ಮೊದಲು ರಕ್ತನಾಳದ ಪರೀಕ್ಷೆ ಆಗಬೇಕು. ಕೀವು, ವಾಸನೆ, ಕೆಂಪು ಊತ, ಜ್ವರ ಇದ್ದರೂ ಹಾಕುವಂತಿಲ್ಲ. ಅಂಥವರು ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಗಾಯವೇ ಇಲ್ಲದೆ ಪಾದ ಬಿಸಿಯಾಗಿ ಊದಿದರೂ ತಡ ಮಾಡಬೇಡಿ, ಒಳಗೆ ಮೂಳೆ ಮುರಿಯುತ್ತಿರಬಹುದು, ನೋವಿಲ್ಲದೆಯೇ.

"ಪ್ಲಾಸ್ಟರ್ ಹಾಕಿದ್ರೆ ಒಳಗೆ ಹುಳ ಬೀಳುತ್ತೆ" ಅನ್ನುವ ಹೆದರಿಕೆ ನಮ್ಮ ಕಡೆ ಬಹಳ. ಇದನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಊತ ಇಳಿದು ಸಡಿಲವಾಗುವ ಕಾರಣ ಮೊದಲನೆಯದನ್ನು ಎರಡು ಮೂರು ದಿನಕ್ಕೇ ಬದಲಿಸುತ್ತಾರೆ, ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬಿಚ್ಚಿ ನೋಡುತ್ತಾರೆ. ಪ್ಲಾಸ್ಟರ್, ಬೂಟು ಎರಡೂ ಆಗದವರಿಗೆ ದಪ್ಪ ಫೆಲ್ಟ್ ಪ್ಯಾಡ್ ಅಂಟಿಸಿ ಒಳ್ಳೆಯ ಜೋಡು ಹಾಕಿಸುವ ದಾರಿ ಇದೆ. ಆದರೆ ನೀವೇ ಚಪ್ಪಲಿಗೆ ತೂತು ಕೊರೆಯಬೇಡಿ, ತೂತಿನ ಅಂಚು ಒತ್ತಿ ಗಾಯ ದೊಡ್ಡದಾಗಬಹುದು.

ಇನ್ನೊಂದು ನಂಬಿಕೆ, ಗಾಯ ಗಾಳಿಗೆ ಬಿಟ್ಟರೆ ಒಣಗಿ ಬೇಗ ಮಾಯುತ್ತದೆ ಅನ್ನುವುದು. 1962ರಲ್ಲಿ ಜಾರ್ಜ್ ವಿಂಟರ್ ಅನ್ನುವ ಸಂಶೋಧಕರು ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಗಾಳಿಗೆ ಬಿಟ್ಟದ್ದಕ್ಕಿಂತ ಸುಮಾರು ಎರಡು ಪಟ್ಟು ಬೇಗ ಬೆಳೆಯುತ್ತದೆ ಅಂತ ತೋರಿಸಿದರು. ಹಾಗಂತ ಗಾಯದ ಕಾಲನ್ನು ಗದ್ದೆಯ ನೀರಿನಲ್ಲಿ ನೆನೆಸುವುದಲ್ಲ. ಸುಣ್ಣ, ಬೀಡಿ ಬೂದಿ, ಕಾಫಿ ಪುಡಿ ಬೇಡವೇ ಬೇಡ. ದಿನಾ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಹೊಸದಾಗಿ ಹುಟ್ಟುವ ಜೀವಕೋಶಗಳಿಗೂ ಪೆಟ್ಟು ಬೀಳುತ್ತದೆ. ತೊಳೆಯಲು ಸಲೈನ್ ಸಾಕು.

ಗಾಯ ಮುಚ್ಚಿದ ಮೇಲೆ ನನ್ನ ಕೆಲಸ ನಿಜವಾಗಿ ಶುರುವಾಗುತ್ತದೆ. ಮಾಯ್ದ ಗಾಯ ಒಂದು ವರ್ಷದೊಳಗೆ ಮತ್ತೆ ಬರುವವರು ಸುಮಾರು 40 ಶೇಕಡಾ, ಐದು ವರ್ಷದಲ್ಲಿ 65 ಶೇಕಡಾ. ಹೊಸ ಚರ್ಮ ಇನ್ನೂ ಎಳೆಯದು, ಆದರೆ ಜನ ಮಾರನೇ ದಿನವೇ ಚೀಲ ಹೊರಲು ಹೋಗುತ್ತಾರೆ. ಮೊದಲು ಸ್ವಲ್ಪವೇ ನಡೆಯಿರಿ, ಬಂದು ಪಾದ ನೋಡಿ, ಕೆಂಪಾಗಿದ್ದರೆ ನಿಲ್ಲಿಸಿ, ಸರಿ ಇದ್ದರೆ ಕೆಲವು ದಿನ ಬಿಟ್ಟು ಸ್ವಲ್ಪ ಹೆಚ್ಚಿಸಿ. ಜೋಡು ಅಂದರೆ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್) ರಬ್ಬರಿನ ಅಟ್ಟೆ, ಮೊಳೆ ಹೊಡೆಯದೆ ಅಂಟಿಸಿದ್ದು, ಹಿಮ್ಮಡಿಯ ಹಿಂದೆ ಪಟ್ಟಿ ಇರುವುದು. ಪಟ್ಟಿ ಇಲ್ಲದಿದ್ದರೆ ಚಪ್ಪಲಿ ಕಳಚಿ ಬಿದ್ದದ್ದೂ ಇವರಿಗೆ ಗೊತ್ತಾಗುವುದಿಲ್ಲ. ಆಣಿ ಬಂದರೆ ಬ್ಲೇಡಿನಿಂದ ಕೆತ್ತಿಕೊಳ್ಳಬೇಡಿ, ತೋರಿಸಿ ತೆಗೆಸಿಕೊಳ್ಳಿ.

ಕೊಟ್ಟೂರು ತೇರಿಗೆ ನಮ್ಮೂರಿನಿಂದ ಪಾದಯಾತ್ರೆ ಹೊರಡುವವರಲ್ಲಿ ನನ್ನ ರೋಗಿಗಳೂ ಇರುತ್ತಾರೆ. ಕಾದ ರೋಡಿನ ಮೇಲೆ ಬರಿಗಾಲಲ್ಲಿ ನಡೆದು ಅಂಗಾಲು ಪೂರ್ತಿ ಬೊಬ್ಬೆ ಎದ್ದರೂ ಅವರಿಗೆ ಊರು ಮುಟ್ಟುವವರೆಗೆ ತಿಳಿಯುವುದಿಲ್ಲ. ಹರಕೆ ತೀರಿಸಬೇಡಿ ಅನ್ನಲಾರೆ. ಸ್ಪರ್ಶ ಹೋಗಿದ್ದರೆ ಗಾಡಿಯಲ್ಲಿ ಹೋಗಿ ದರ್ಶನ ಮಾಡಿ ಬನ್ನಿ ಅಂತ ಕೈ ಮುಗಿದು ಕೇಳುತ್ತೇನೆ.

ಸ್ಪರ್ಶ ಇದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪಿಸಿದ ವಿಧಾನ ಇದು. ಕಣ್ಣು ಮುಚ್ಚಿಸಿ, ಎರಡೂ ಪಾದದ ಹೆಬ್ಬೆರಳು, ಮಧ್ಯದ ಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ, ವೈದ್ಯರಿಗೆ ತೋರಿಸಿ. ಒಮ್ಮೆ ಗಾಯವಾಗಿ ಮಾಯ್ದವರು ಚರ್ಮದ ಶಾಖ ಅಳೆಯುವ ಥರ್ಮಾಮೀಟರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ದಿನಾ ಎರಡೂ ಪಾದದ ಅದೇ ಅದೇ ಜಾಗ ಅಳೆಯಿರಿ. ಒಂದು ಪಾದ ಇನ್ನೊಂದಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಇದ್ದು, ಮಾರನೇ ದಿನವೂ ಹಾಗೇ ಇದ್ದರೆ, ನಡಿಗೆ ಕಡಿಮೆ ಮಾಡಿ, ಚರ್ಮ ಒಡೆಯುವ ಮೊದಲೇ ಬಂದು ತೋರಿಸಿ.