ಕೀಲಿ ಕೊಟ್ಟರೆ ಬೆಳಗುವ ದೀಪ

ನಮ್ಮ ಅಜ್ಜಿ ಕಾಡಿಗೆ ಮಾಡುತ್ತಿದ್ದುದು ರಾತ್ರಿ ಎಲ್ಲರ ಊಟ ಮುಗಿದ ಮೇಲೆ. ಹಣತೆಗೆ ಹರಳೆಣ್ಣೆ ಹಾಕಿ, ದಪ್ಪ ಬತ್ತಿ ಹೊಸೆದು ಹಚ್ಚಿ, ಎರಡು ಬದಿಗೆ ಒಂದೊಂದು ಲೋಟ ಬೋರಲು ಇಟ್ಟು, ಅವುಗಳ ಮೇಲೆ ಗಂಧ ಸವರಿದ ಹಿತ್ತಾಳೆ ತಟ್ಟೆಯನ್ನು ಕವುಚುತ್ತಿದ್ದರು. ತಟ್ಟೆಯ ಎತ್ತರದ ವಿಷಯದಲ್ಲಿ ಮಾತ್ರ ಅವರದು ಬಹಳ ಕಟ್ಟುನಿಟ್ಟು. ದೀಪದ ಕುಡಿ ತಟ್ಟೆಗೆ ತಾಗಬೇಕು, ಆದರೆ ನಂದಬಾರದು. ಲೋಟ ಎತ್ತರವಾಗಿ ತಟ್ಟೆ ಒಂದು ಗೇಣು ಮೇಲೆ ಹೋಯಿತೋ, ಬೆಳಗ್ಗೆ ಅದಕ್ಕೆ ಅಂಟಿರುತ್ತಿದ್ದ ಮಸಿ ಚಿಟಿಕೆಯಷ್ಟೂ ಅಲ್ಲ. ಸರಿಯಾದ ಎತ್ತರದಲ್ಲಿದ್ದರೆ ಮಖಮಲ್ಲಿನಂಥ ದಟ್ಟ ಕಪ್ಪು. ಅದನ್ನು ಕೆರೆದು ತುಪ್ಪದಲ್ಲಿ ಕಲಸಿ ಕರಡಿಗೆಗೆ ತುಂಬುತ್ತಿದ್ದರು.

ದೀಪ ಅದೇ, ಎಣ್ಣೆಯೂ ಅದೇ. ಹಾಗಿದ್ದರೆ ಒಂದು ಗೇಣು ಮೇಲಕ್ಕೆ ಹೋಗುವಷ್ಟರಲ್ಲಿ ಆ ಮಸಿಯೆಲ್ಲ ಏನಾಗುತ್ತಿತ್ತು?

ಉರಿದು ಹೋಗುತ್ತಿತ್ತು. ದೀಪದ ಹಳದಿ ಬೆಳಕು ಬರುವುದೇ ಆ ಮಸಿಯಿಂದ. ಬತ್ತಿಯಿಂದ ಆವಿಯಾಗಿ ಮೇಲೇಳುವ ಎಣ್ಣೆ ಬಿಸಿಗೆ ಒಡೆದು ಇಂಗಾಲದ ಅತಿ ಸಣ್ಣ ಕಣಗಳಾಗುತ್ತದೆ. ಕುಲುಮೆಯಲ್ಲಿ ಕಬ್ಬಿಣ ಹೊಳೆಯುವಂತೆ ಆ ಕಣಗಳು ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಹೊಳೆಯುತ್ತವೆ. ಕುಡಿಯ ಅಂಚಿಗೆ ಬಂದು ಗಾಳಿಯನ್ನು ಮುಟ್ಟಿದಾಗ ಉರಿದು ಮಾಯವಾಗುತ್ತವೆ. ಅಜ್ಜಿ ತಟ್ಟೆ ಇಟ್ಟು ಅವುಗಳನ್ನು ದಾರಿಯಲ್ಲೇ ಹಿಡಿಯುತ್ತಿದ್ದರು. ದೀಪದ ವಿನ್ಯಾಸದ ಇಡೀ ಕಷ್ಟ ಇರುವುದು ಇಲ್ಲೇ. ಗಾಳಿ ಕಡಿಮೆಯಾದರೆ ಕಣಗಳು ಉರಿಯದೆ ಉಳಿದು ಹೊಗೆಯಾಗುತ್ತವೆ, ತೊಲೆ ಕಪ್ಪಾಗುತ್ತದೆ. ಗಾಳಿ ಮೊದಲೇ ಆವಿಯ ಜೊತೆ ಚೆನ್ನಾಗಿ ಬೆರೆತುಬಿಟ್ಟರೆ ಕಣಗಳು ಹುಟ್ಟುವುದೇ ಇಲ್ಲ. ಆಗ ಪಂಪ್ ಸ್ಟೌವಿನಂತೆ ನೀಲಿ ಉರಿ: ಬಿಸಿ ಬೇಕಾದಷ್ಟು, ಬೆಳಕು ಮಾತ್ರ ಇಲ್ಲ. ದೀಪಕ್ಕೆ ಬೇಕಾದದ್ದು ಮಸಿ ಹುಟ್ಟಿ, ಹೊಳೆದು, ಆಮೇಲೆ ಪೂರ್ತಿ ಉರಿಯುವಷ್ಟೇ ಗಾಳಿ. ಆ ಗಾಳಿಯನ್ನು ಗಡಿಯಾರದಂತೆ ಕೀಲಿ ಕೊಟ್ಟು ಊದಿಸಿದ ದೀಪವೊಂದಿತ್ತು; ಇದು ಅದರ ಕಥೆ.

ಆ ಗಾಳಿ ಎಷ್ಟು ಎಂದು ಲೆಕ್ಕ ಹಾಕಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಒಂದು ಗ್ರಾಂ ಸೀಮೆಎಣ್ಣೆ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ, ಅಂದರೆ ಹನ್ನೆರಡು ಲೀಟರಿಗಿಂತ ಹೆಚ್ಚು ಗಾಳಿ ಬೇಕು. ಗಂಟೆಗೆ 20 ಗ್ರಾಂ ಎಣ್ಣೆ ಕುಡಿಯುವ ದೀಪಕ್ಕೆ ಗಂಟೆಗೆ ಕನಿಷ್ಠ 250 ಲೀಟರ್. ಎಲ್ಲ ಗಾಳಿಯೂ ಕುಡಿಗೆ ತಾಗದ ಕಾರಣ, ಅದರ ಎರಡು ಮೂರು ಪಟ್ಟು ಸುತ್ತ ಹರಿಯಬೇಕು. ನಾವು ದೀಪಕ್ಕೆ ಎಣ್ಣೆ ಹಾಕುವುದನ್ನು ನೆನಪಿಡುತ್ತೇವೆ. ಅದು ತೂಕದಲ್ಲಿ ಎಣ್ಣೆಗಿಂತ ಹದಿನೈದು ಪಟ್ಟು ಗಾಳಿಯನ್ನು ತಾನೇ ಹೊಂದಿಸಿಕೊಳ್ಳುವುದು ನಮ್ಮ ಗಮನಕ್ಕೆ ಬರುವುದಿಲ್ಲ.

ಲಾಟೀನಿನ ಗಾಜು ಇರುವುದು ಬೀಸುವ ಗಾಳಿಯನ್ನು ತಡೆಯಲು ಎಂದು ನಾನು ಬಹುಕಾಲ ನಂಬಿದ್ದೆ. ಅದರ ದೊಡ್ಡ ಕೆಲಸ ಗಾಳಿಯನ್ನು ಎಳೆಯುವುದು. ಬುಡ್ಡಿದೀಪದ ಮೇಲೆ, ಕೆಳಗೆ ಸ್ವಲ್ಪ ಸಂದು ಬಿಟ್ಟು, ಎರಡು ಕಡೆಯೂ ತೆರೆದ ಗಾಜಿನ ಕೊಳವೆ ಹಿಡಿದರೆ ಕೆಂಪಗೆ ತೂಗಾಡುತ್ತಿದ್ದ ಕುಡಿ ಬಿಳುಪಾಗಿ ನೆಟ್ಟಗೆ ನಿಲ್ಲುತ್ತದೆ. ಕೊಳವೆಯನ್ನು ಕೆಳಕ್ಕೆ ತಂದು ಆ ಸಂದು ಮುಚ್ಚಿದರೆ ದೀಪ ಉಸಿರುಗಟ್ಟಿ ಆರುತ್ತದೆ. ಕೊಳವೆಯೊಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರುವಾಗ ಕೆಳಗಿನಿಂದ ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಇದನ್ನು ದೀಪಕ್ಕೆ ಸರಿಯಾಗಿ ದುಡಿಸಿಕೊಂಡವನು ಜಿನೀವಾದ ಆಮಿ ಅರ್ಗಾಂಡ್. 1780ರ ಸುಮಾರಿಗೆ ಅವನು ಬತ್ತಿಯನ್ನೇ ಕೊಳವೆಯಂತೆ ಸುತ್ತಿ, ಒಳಗಿನಿಂದಲೂ ಹೊರಗಿನಿಂದಲೂ ಉರಿಗೆ ಗಾಳಿ ಸಿಗುವಂತೆ ಮಾಡಿದ. ಮೇಲೆ ಗಾಜಿನ ಚಿಮಣಿ ನಿಂತ ಮೇಲೆ ಒಂದೇ ದೀಪ ಆರರಿಂದ ಹತ್ತು ಮೇಣದ ಬತ್ತಿಗಳಷ್ಟು ಬೆಳಗಿತು. 1784ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ಹಿಂದಿನ ವರ್ಷ ಇದೇ ಅರ್ಗಾಂಡ್ ಮಾಂಟ್‌ಗಾಲ್ಫಿಯರ್ ಸಹೋದರರ ಬಿಸಿಗಾಳಿಯ ಬಲೂನಿನ ಪ್ರಯೋಗಗಳಲ್ಲಿ ನೆರವಾಗಿದ್ದ. ಬಲೂನನ್ನು ಎತ್ತುವುದೂ ದೀಪಕ್ಕೆ ಗಾಳಿ ಎಳೆಯುವುದೂ ಒಂದೇ ಬಿಸಿಗಾಳಿ. ಅವನಿಗೆ ಮಾತ್ರ ಅದರಿಂದ ಸುಖ ಸಿಗಲಿಲ್ಲ. ಪ್ಯಾರಿಸಿನಲ್ಲಿ ಅವನ ವಿನ್ಯಾಸವನ್ನು ಕಂಡವರು ಅದನ್ನು ತಮ್ಮದೆಂದು ಮಾರಿದರು. ಫ್ರೆಂಚ್ ಭಾಷೆಯಲ್ಲಿ ಆ ದೀಪಕ್ಕೆ ಕೆಂಕೆ ಎಂಬ ಬೇರೊಬ್ಬನ ಹೆಸರೇ ನಿಂತಿತು. ಅರ್ಗಾಂಡ್ 1803ರಲ್ಲಿ ಬಡತನದಲ್ಲಿ ತೀರಿಕೊಂಡ. ಈ ಅನ್ಯಾಯ ಈಗಲೂ ನನ್ನನ್ನು ನೋಯಿಸುತ್ತದೆ.

ಗಾಳಿಯ ಸಮಸ್ಯೆ ಅರ್ಧ ಬಗೆಹರಿದಾಗ ಎಣ್ಣೆಯ ಸಮಸ್ಯೆ ಎದುರಾಯಿತು. ಸಾಸಿವೆಯ ಜಾತಿಯ ಬೀಜದಿಂದ ತೆಗೆದ ಆಗಿನ ದೀಪದ ಎಣ್ಣೆ ಮಂದ. ಬತ್ತಿಯಲ್ಲಿ ಹೆಚ್ಚು ಎತ್ತರ ಏರದು. ಪ್ಯಾರಿಸಿನ ಗಡಿಯಾರ ತಯಾರಕ ಕಾರ್ಸೆಲ್ 1800ರಲ್ಲಿ ದೀಪದ ತಳದಲ್ಲಿ ಗಡಿಯಾರದ ಯಂತ್ರ ಕೂರಿಸಿ, ಅದರಿಂದ ಒಂದು ಪುಟ್ಟ ಪಂಪ್ ನಡೆಸಿ, ಎಣ್ಣೆಯನ್ನು ಬತ್ತಿಯವರೆಗೆ ಏರಿಸಿದ. ಆ ದೀಪ ಎಷ್ಟು ಸ್ಥಿರವಾಗಿ ಉರಿಯುತ್ತಿತ್ತೆಂದರೆ, ಗಂಟೆಗೆ 42 ಗ್ರಾಂ ಎಣ್ಣೆ ಉರಿಸುವ ಕಾರ್ಸೆಲ್ ದೀಪವೇ ಫ್ರಾನ್ಸಿನಲ್ಲಿ ಬೆಳಕಿನ ಅಳತೆಗೋಲಾಯಿತು.

1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆಬಾವಿ ಕೊರೆದ ಮೇಲೆ ಸೀಮೆಎಣ್ಣೆ ಅಗ್ಗವಾಯಿತು. ಅದು ತೆಳು, ಬತ್ತಿಯಲ್ಲಿ ತಾನಾಗಿ ಏರುತ್ತದೆ. ಪಂಪ್ ಬೇಡವಾಯಿತು. ಆದರೆ ಸೀಮೆಎಣ್ಣೆಗೆ ಹೊಗೆಯ ಸ್ವಭಾವ ಹೆಚ್ಚು, ಹಾಗಾಗಿ ಗಾಳಿಯ ಆಸೆಯೂ ಹೆಚ್ಚು. ಚಿಮಣಿಯಿಲ್ಲದೆ ಅದು ಕೋಣೆಯೊಳಗೆ ಉರಿಯಲು ಯೋಗ್ಯವೇ ಅಲ್ಲ. ಚಿಮಣಿಯೋ ಗಾಜು. ಕಾದ ಗಾಜಿಗೆ ಒಂದು ಹನಿ ನೀರು ಸಿಡಿದರೆ ಸೀಳು. ದಿನವೂ ಮಸಿ ಒರೆಸಬೇಕು. ನಮ್ಮ ಮನೆಯಲ್ಲಿ ಸಂಜೆ ನಾಲ್ಕಕ್ಕೆ ಬಾಯಿಯ ಹಬೆ ಊದಿ, ಬೂದಿ ಸವರಿ, ಹಳೆಯ ಪಂಚೆಯ ತುಂಡಿನಿಂದ ಲಾಟೀನು ಗಾಜು ಒರೆಸುವುದು ಮಕ್ಕಳ ಕೆಲಸ. ಸಣ್ಣ ಕೈ ಮಾತ್ರ ಅದರೊಳಗೆ ಹೋಗುತ್ತಿತ್ತು. ಒಡೆದವರಿಗೆ ಆ ರಾತ್ರಿ ಓದಲು ಬೆಳಕಿಲ್ಲ.

ಗಾಜಿಲ್ಲದೆ ಗಾಳಿ ಒದಗಿಸಬಹುದೇ? ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನ ರಾಬರ್ಟ್ ಹಿಚ್‌ಕಾಕ್ ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಯಾಂತ್ರಿಕ ದೀಪ. ಕಾರ್ಸೆಲ್‌ನ ದೀಪದಲ್ಲಿ ಎಣ್ಣೆ ಎತ್ತಿದ್ದ ಗಡಿಯಾರ ಇಲ್ಲಿ ಗಾಳಿ ಊದಿತು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹೊಲಿಗೆ ಯಂತ್ರ ತಯಾರಿಸುತ್ತಿದ್ದ ವಾಂಜರ್ ಕೂಡ 1880ರ ದಶಕದಲ್ಲಿ ಇದೇ ಬಗೆಯ ದೀಪಕ್ಕೆ ಕೈ ಹಾಕಿದ. ಹೊಲಿಗೆ ಯಂತ್ರದವನಿಗೆ ಸಣ್ಣ, ನಿಖರ ಚಕ್ರಗಳ ಕೆಲಸ ಹೊಸದಲ್ಲ.

ಈ ಯಾಂತ್ರಿಕ ದೀಪದ ಒಳಗನ್ನು ಕೆಳಗಿನಿಂದ ಮೇಲಕ್ಕೆ ನೋಡೋಣ. ತಳದಲ್ಲಿ ಸುರುಳಿ ಸುತ್ತಿದ ಉಕ್ಕಿನ ಸ್ಪ್ರಿಂಗ್. ಗೋಡೆ ಗಡಿಯಾರಕ್ಕೆ ಕೊಡುವಂತೆ ಕೀಲಿ ಕೊಡಬೇಕು. ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುವಾಗ ದೊಡ್ಡ ಹಲ್ಲುಚಕ್ರ ಸಣ್ಣದನ್ನು, ಅದು ಇನ್ನೊಂದನ್ನು ತಿರುಗಿಸಿ, ಕೊನೆಯಲ್ಲಿ ಒಂದು ಪುಟ್ಟ ಫ್ಯಾನ್ ಭರದಿಂದ ಸುತ್ತುತ್ತದೆ. ತಳದ ತೂತುಗಳಿಂದ ಒಳಬಂದ ಗಾಳಿ ದೀಪದ ಹೊರಕವಚಕ್ಕೂ ಎಣ್ಣೆಯ ಪಾತ್ರೆಗೂ ನಡುವಿನ ಸಂದಿಯಲ್ಲಿ ಮೇಲೇರುತ್ತದೆ. ಬತ್ತಿಯ ಸುತ್ತಲಿನ ಲೋಹದ ಟೊಪ್ಪಿಗೆ ಆ ಗಾಳಿಯನ್ನು ಕುಡಿಯ ಬುಡಕ್ಕೆ ಓರೆಯಾಗಿ ತಿರುಗಿಸುತ್ತದೆ. ಗಾಜಿಲ್ಲದೆಯೂ ಕುಡಿ ಬಿಳಿಯಾಗಿ ನೆಟ್ಟಗೆ ನಿಲ್ಲುತ್ತದೆ. ಈ ದಾರಿಯಿಂದ ಇನ್ನೊಂದು ಲಾಭವೂ ಇದೆ. ಸದಾ ಹರಿಯುವ ತಣ್ಣನೆಯ ಗಾಳಿ ಎಣ್ಣೆಯ ಪಾತ್ರೆಯನ್ನು ತಂಪಾಗಿಡುತ್ತದೆ. ಕಲಬೆರಕೆ ಸೀಮೆಎಣ್ಣೆ ಬಿಸಿಯಾಗಿ ಆವಿ ಹೊತ್ತಿಕೊಂಡು ದೀಪಗಳು ಸಿಡಿಯುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನನಗೆ ಬಹಳ ಮೆಚ್ಚುಗೆಯಾದದ್ದು ಫ್ಯಾನಿನ ಎರಡನೆಯ ಕೆಲಸ. ಸ್ಪ್ರಿಂಗ್ ಪೂರ್ತಿ ಸುತ್ತಿದ್ದಾಗ ಅದರ ಬಲ ಜಾಸ್ತಿ, ಬಿಚ್ಚಿಕೊಂಡಂತೆ ಕಡಿಮೆ. ಹಾಗಿದ್ದರೆ ಸಂಜೆ ರಭಸದ ಗಾಳಿ, ನಡುರಾತ್ರಿ ಹೊಗೆ ಆಗಬೇಕಲ್ಲ? ಗಂಟೆ ಬಾರಿಸುವ ಗಡಿಯಾರದ ಹಿಂಬದಿಯನ್ನು ತೆರೆದು ನೋಡಿದವರಿಗೆ ಉತ್ತರದ ಸುಳಿವು ಸಿಗುತ್ತದೆ. ಗಂಟೆ ಹೊಡೆಯುವಾಗ ಅಲ್ಲಿ ಒಂದು ತೆಳು ತಗಡಿನ ರೆಕ್ಕೆ ಗಿರ್ರನೆ ಸುತ್ತುತ್ತದೆ. ಗಾಳಿಯನ್ನು ತಳ್ಳುವ ಕಷ್ಟವೇ ಅದಕ್ಕೆ ಬ್ರೇಕ್. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಗಂಟೆಯ ಪೆಟ್ಟುಗಳು ಒಂದೇ ಲಯದಲ್ಲಿ ಬೀಳುತ್ತವೆ. ದೀಪದ ಫ್ಯಾನ್‌ಗೂ ಇದೇ ನಿಯಮ. ಸ್ಪ್ರಿಂಗಿನ ಬಲ ಶೇಕಡಾ 20 ಇಳಿದರೂ ಫ್ಯಾನಿನ ವೇಗ ಇಳಿಯುವುದು ಸುಮಾರು ಶೇಕಡಾ 10 ಮಾತ್ರ. ಗಡಿಯಾರದಲ್ಲಿ ಸುಮ್ಮನೆ ಪೋಲಾಗುತ್ತಿದ್ದ ಗಾಳಿ ಇಲ್ಲಿ ಬೆಳಕಿಗೆ ಒದಗಿತು. ವೇಗ ಕಾಯುವ ಬ್ರೇಕೂ ಉಸಿರು ಊದುವ ತಿದಿಯೂ ಒಂದೇ ತಗಡು.

ಕೈಯಿಂದ ಸುತ್ತಿದ ಸ್ಪ್ರಿಂಗ್ ಇಷ್ಟು ಹೊತ್ತು ಗಾಳಿ ಊದಲು ಸಾಕೇ ಎಂಬ ಅನುಮಾನ ಸಹಜ. ಮೊದಲು ಚಿಮಣಿ ಎಷ್ಟು ಬಲದಿಂದ ಎಳೆಯುತ್ತದೆ ನೋಡಿ. 20 ಸೆಂಟಿಮೀಟರ್ ಉದ್ದದ ಚಿಮಣಿಯಲ್ಲಿ ಸರಾಸರಿ 300 ಡಿಗ್ರಿ ಬಿಸಿ ಇದೆ ಎಂದುಕೊಂಡರೆ, ಒಳ ಹೊರಗಿನ ಒತ್ತಡದ ವ್ಯತ್ಯಾಸ ಸುಮಾರು ಒಂದು ಪ್ಯಾಸ್ಕಲ್. ನಮ್ಮ ಸುತ್ತಲಿನ ವಾಯುಭಾರದ ಲಕ್ಷದಲ್ಲಿ ಒಂದು ಪಾಲು! ಅಷ್ಟರಿಂದ ಹುಟ್ಟುವ ಗಾಳಿಯ ವೇಗ ಹೆಚ್ಚೆಂದರೆ ನಾವು ಆರಾಮವಾಗಿ ನಡೆಯುವಷ್ಟು. ಫ್ಯಾನ್ ಮಾಡಬೇಕಾದದ್ದು ಇಷ್ಟನ್ನೇ. ಸೆಕೆಂಡಿಗೆ ಲೀಟರಿನ ಐದನೇ ಒಂದು ಭಾಗ ಗಾಳಿಯನ್ನು ಒಂದು ಪ್ಯಾಸ್ಕಲ್ ಒತ್ತಡದಲ್ಲಿ ತಳ್ಳಲು ಬೇಕಾದ ಶಕ್ತಿ ವ್ಯಾಟಿನ ಐದು ಸಾವಿರದಲ್ಲಿ ಒಂದು ಪಾಲು. ದೀಪದ ಉರಿಯ ಶಕ್ತಿಯೋ 240 ವ್ಯಾಟಿನಷ್ಟು. ಅಂದರೆ ಉಸಿರಾಟದ ಖರ್ಚು ಉರಿಯ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು. ಎಂಟು ಗಂಟೆಗೆ ಒಟ್ಟು ಆರು ಜೂಲ್: ಒಂದು ಕಿಲೋ ಅಕ್ಕಿಯನ್ನು ನೆಲದಿಂದ ಅರವತ್ತು ಸೆಂಟಿಮೀಟರ್ ಎತ್ತರದ ಜಗಲಿಗೆ ಎತ್ತಿಟ್ಟ ಶ್ರಮ. ಹಲ್ಲುಚಕ್ರಗಳ ಉಜ್ಜಾಟದಲ್ಲಿ, ಸಣ್ಣ ಫ್ಯಾನಿನ ಸುಳಿಗಳಲ್ಲಿ ಬಹುಪಾಲು ಕಳೆದು ನೂರಕ್ಕೆ ಎರಡು ಮೂರು ಪಾಲು ಮಾತ್ರ ಗಾಳಿಗೆ ಸೇರಿದರೂ, ತುಂಬಿದ ಬಿಂದಿಗೆಯೊಂದನ್ನು ಎರಡು ಮೀಟರ್ ಎತ್ತಿದಷ್ಟು ಶ್ರಮ ಸಾಕು. ಕೀಲಿ ತಿರುಗಿಸುವ ಕೈಗೆ ಅದು ಭಾರವಲ್ಲ.

ಇಷ್ಟೆಲ್ಲ ಇದ್ದೂ ಈ ದೀಪ ಮನೆಮನೆಗೆ ಬರಲಿಲ್ಲ. ಗಡಿಯಾರದ ಬೆಲೆಯನ್ನು ದೀಪಕ್ಕೆ ತೆರಬೇಕು. ಚಕ್ರಗಳಿಗೆ ಎಣ್ಣೆ ಬಿಡಬೇಕು, ದೂಳು ತೆಗೆಯಬೇಕು, ಸದ್ದು ಸಹಿಸಬೇಕು. ಸ್ಪ್ರಿಂಗ್ ತೀರಿದಾಗ ಕುಡಿಯ ತುದಿ ಕೆಂಪಾಗಿ ಹೊಗೆಯ ಎಳೆ ಏಳುತ್ತದೆ. ಯಾರಾದರೂ ಎದ್ದು ಕೀಲಿ ಕೊಡಬೇಕು. ಚಿಮಣಿಗೆ ಚಕ್ರವೂ ಇಲ್ಲ, ಕೀಲಿಯೂ ಇಲ್ಲ. ಹಳ್ಳಿಗಳಿಗೆ ಬಂದದ್ದು ಲಾಟೀನು. ಅದರ ಎರಡು ಬದಿಯ ಕೊಳವೆಗಳು ಹಿಡಿಕೆಗೆ ಆಸರೆ ಎಂದು ನಾವು ಮಕ್ಕಳು ತಿಳಿದಿದ್ದೆವು. ಉರಿಗೆ ಬೇಕಾದ ಗಾಳಿ ಮೇಲಿನಿಂದ ಇಳಿದು ಬರುವ ದಾರಿ ಅವೇ. ಬೀಸುಗಾಳಿ ನೇರವಾಗಿ ಕುಡಿಯನ್ನು ಮುಟ್ಟದಂತೆ ಸುತ್ತಿ ಬಳಸಿ ತರುವ ಈ ಉಪಾಯ ಅಮೆರಿಕದ ಜಾನ್ ಅರ್ವಿನ್‌ನದು. ವಿದ್ಯುತ್ತು ಬಂದ ಮೇಲೆ ಎರಡು ಬಗೆಯವೂ ಅಟ್ಟ ಸೇರಿದವು.

ಉರಿಗೆ ಫ್ಯಾನಿನಿಂದ ಗಾಳಿ ಕೊಡುವ ಯೋಚನೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಹನ ವಿಜ್ಞಾನಿಗಳು 2000ದ ದಶಕದಲ್ಲಿ ಒಂದು ಒಲೆಯನ್ನು ರೂಪಿಸಿದರು; ಅದು ಊರ್ಜಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೃಷಿಯ ಕಸವನ್ನು ಒತ್ತಿ ಮಾಡಿದ ಗುಳಿಗೆಗಳೇ ಅದರ ಸೌದೆ. ತಳದಲ್ಲಿ ಬ್ಯಾಟರಿಯಿಂದ ಸುತ್ತುವ ಪುಟ್ಟ ಫ್ಯಾನ್. ಗಾಳಿಯ ಒಂದು ಪಾಲು ಕೆಳಗಿನಿಂದ ಹೋಗಿ ಗುಳಿಗೆಗಳನ್ನು ಅನಿಲವಾಗಿಸುತ್ತದೆ, ಇನ್ನೊಂದು ಪಾಲು ಮೇಲಿನ ತೂತುಗಳಿಂದ ನುಗ್ಗಿ ಆ ಅನಿಲವನ್ನು ಉರಿಸುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಊದುಕೊಳವೆ ಹಿಡಿದು ಕೆಮ್ಮುತ್ತ ಕೂತ ಹೆಂಗಸರ ಉಸಿರು ಮಾಡುತ್ತಿದ್ದ ಕೆಲಸವನ್ನು ಆ ಫ್ಯಾನ್ ವಹಿಸಿಕೊಂಡಿತು.

ದೀಪಕ್ಕೂ ಈ ಒಲೆಗೂ ಫ್ಯಾನಿನಿಂದ ಬೇಕಾದದ್ದು ಮಾತ್ರ ಬೇರೆ ಬೇರೆ. ದೀಪದಲ್ಲಿ ಮಸಿ ಹುಟ್ಟಲೇಬೇಕು, ಹೊಳೆದ ಮೇಲೆ ಸಾಯಬೇಕು. ಒಲೆಯಲ್ಲಿ ಅದು ಹುಟ್ಟಿದಷ್ಟೂ ನಷ್ಟ. ಅಂಥ ಒಲೆಯ ಫ್ಯಾನ್ ಸರಿಯಾಗಿ ಊದುತ್ತಿದೆಯೇ ಎಂದು ತಿಳಿಯಲು ಉಪಕರಣವೇನೂ ಬೇಕಿಲ್ಲ. ಅಜ್ಜಿ ಬೆಳಗ್ಗೆ ಎದ್ದು ಹಿತ್ತಾಳೆ ತಟ್ಟೆಯನ್ನು ತಿರುವಿ ನೋಡುತ್ತಿದ್ದಂತೆ, ಪಾತ್ರೆಯ ತಳವನ್ನು ತಿರುವಿ ನೋಡಿದರಾಯಿತು.